ಹತ್ತು ದಿನಗಳ ರಜೆ

ನಿಮ್ಮ ಅಂಗಡಿಯಲ್ಲೋ ಕಚೇರಿಯಲ್ಲೋ ದುಡಿಯುವ ಹೆಣ್ಣುಮಗಳೊಬ್ಬಳು ಹೇಳದೆ ಕೇಳದೆ ಎರಡು ದಿನ ಬಾರದೆ ಹೋದರೆ ನೀವೇನು ಎಣಿಸುವಿರಿ? ಆಕೆಗೆ ಕೆಲಸದಲ್ಲಿ ಶ್ರದ್ಧೆಯಿಲ್ಲವೆಂದೇ ಅಲ್ಲವೇ? ಗಂಡನ ಏಟಿನಿಂದ ಬಾತ ಮುಖ ಹೊತ್ತು ಆಕೆ ಹೇಗೆ ಬಂದಾಳು ಎಂಬ ಪ್ರಶ್ನೆ ನಮಗೆ ಹೊಳೆಯುವುದಿಲ್ಲ. ಮನೆಯ ಕಷ್ಟ ಮನೆಯಲ್ಲೇ ಇರಲಿ ಎಂಬುದು ಬಹುಕಾಲದ ಲೋಕರೂಢಿ.

ಈ ರೂಢಿಯನ್ನು ಕಾನೂನಿನಿಂದ ಮುರಿಯಲು ಮುಂದಾದ ದೇಶಗಳಲ್ಲಿ ಫಿಲಿಪ್ಪೀನ್ಸ್ ಒಂದು. ಕಥೋಲಿಕರೇ ಬಹುಸಂಖ್ಯಾತರಾಗಿರುವ ಆ ನಾಡಿನಲ್ಲಿ, 2004ರ ಮಾರ್ಚ್ 8ರಂದು, ಸ್ತ್ರೀಯರ ಮತ್ತು ಮಕ್ಕಳ ಮೇಲಣ ಹಿಂಸೆಯನ್ನು ತಡೆಯುವ 9262ನೆಯ ಅಧಿನಿಯಮಕ್ಕೆ ಅಧ್ಯಕ್ಷೆ ಗ್ಲೋರಿಯಾ ಮಕಪಗಾಲ್ ಅರೋಯೊ ಅಂಕಿತ ಹಾಕಿದರು. ಹೆಂಡತಿಯ ದುಡಿಮೆಗೆ ಅಡ್ಡಿಪಡಿಸುವುದೂ ಹಿಂಸೆಯೇ ಎಂದು ಅದು ಸಾರಿತು. ಅದರ 43ನೆಯ ಕಲಮಿನಂತೆ, ಹಿಂಸೆಗೊಳಗಾದ ಉದ್ಯೋಗಿ ಮಹಿಳೆಗೆ ಇತರ ರಜೆಗಳಲ್ಲದೆ 10 ದಿನಗಳವರೆಗೆ ವೇತನಸಹಿತ ರಜೆ ಸಲ್ಲಬೇಕು. ಅಗತ್ಯವಿದ್ದರೆ ರಕ್ಷಣಾ ಆದೇಶದ ಮೇರೆಗೆ ಅದನ್ನು ವಿಸ್ತರಿಸಬಹುದು. ಈ ಹಕ್ಕಿಗೆ ಚ್ಯುತಿ ತರುವ ಮಾಲೀಕನು ಶಿಕ್ಷಾರ್ಹನು.

ಹತ್ತು ದಿನಗಳಲ್ಲಿ ಏನಾದೀತು ಎನ್ನಬೇಡಿ. ವೈದ್ಯರನ್ನು ಕಾಣಲು, ನ್ಯಾಯಾಲಯದ ಮೆಟ್ಟಿಲು ಹತ್ತಲು, ಮಕ್ಕಳಿಗೊಂದು ಸುರಕ್ಷಿತ ಸೂರು ಹುಡುಕಲು ದಿನಗಳು ಬೇಕು. ಆ ದಿನಗಳಿಗಾಗಿ ಕೆಲಸವನ್ನೇ ಕಳೆದುಕೊಂಡವಳು ತುತ್ತಿಗಾಗಿ ಮತ್ತೆ ಹೊಡೆಯುವವನ ಬಾಗಿಲಿಗೇ ಮರಳಬೇಕಾಗುತ್ತದೆ. ಸಂಬಳವೇ ಆಕೆಯ ಬಿಡುಗಡೆಯ ದಾರಿ.

ಮುಂದೆ ಇತರ ರಾಷ್ಟ್ರಗಳೂ ಈ ಹಾದಿ ಹಿಡಿದವು. 2018ರ ಜುಲೈಯಲ್ಲಿ ನ್ಯೂಜಿಲೆಂಡಿನ ಸಂಸತ್ತು ಇಂಥದೇ ಕಾನೂನನ್ನು 63 ಮತಗಳಿಂದ ಅಂಗೀಕರಿಸಿತು; ವಿರುದ್ಧ ಬಿದ್ದ ಮತಗಳು 57. 2019ರ ಜೂನ್‌ನಲ್ಲಿ ಜಿನೀವಾದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ಸ್ವೀಕರಿಸಿದ 190ನೆಯ ಒಡಂಬಡಿಕೆಯು, ಕೌಟುಂಬಿಕ ಹಿಂಸೆ ಉದ್ಯೋಗದ ಮೇಲೂ ಪರಿಣಾಮ ಬೀರುತ್ತದೆಂದು ಒಪ್ಪಿಕೊಂಡಿತು. ಆಸ್ಟ್ರೇಲಿಯಾದಲ್ಲಿ 2023ರಿಂದ 10 ದಿನಗಳ ವೇತನಸಹಿತ ರಜೆ ಜಾರಿಗೆ ಬಂದಿತು.

ನಮ್ಮಲ್ಲಿ? 2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಕೌಟುಂಬಿಕ ಹಿಂಸೆಯ ವಿರುದ್ಧದ ಅಧಿನಿಯಮದ 18ನೆಯ ಕಲಮಿನನ್ವಯ, ನೊಂದ ಮಹಿಳೆಯ ಉದ್ಯೋಗಸ್ಥಳಕ್ಕೆ ಹಿಂಸಕನು ಕಾಲಿಡದಂತೆ ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ವೇತನಸಹಿತ ರಜೆಯ ಮಾತು ಆ ಅಧಿನಿಯಮದಲ್ಲಿಲ್ಲ.

ಆದರೆ ಓದುಗರೇ, ನಾಲ್ಕು ಜನರಿಗೆ ಕೆಲಸ ಕೊಟ್ಟಿರುವ ನಿಮ್ಮಲ್ಲಿ ನನ್ನದೊಂದು ಪ್ರಶ್ನೆ. ಎರಡು ದಿನದ ಬಳಿಕ ತಲೆತಗ್ಗಿಸಿ ಬಂದು ನಿಂತವಳಿಗೆ ಕುಳಿತುಕೊಳ್ಳಲು ಹೇಳುವುದಕ್ಕೂ, ಆಕೆಯ ಗುಟ್ಟನ್ನು ಕಾಯುವುದಕ್ಕೂ, ಸಂಬಳ ಹಿಡಿಯದಿರುವುದಕ್ಕೂ ನಮಗೆ ಕಾನೂನೇ ಬೇಕೇ?