ಬಣ್ಣ ಬಳಿದ ಯಾಕೂತ್, ಬಣ್ಣ ಬೇಡದ ಸಿದ್ದಿ

ವೀಕ್ಷಕರೇ, ಇವತ್ತು ಸ್ವಲ್ಪ ಸಿನಿಮಾ ಇತಿಹಾಸ ಮಾತಾಡೋಣ.

1983ರಲ್ಲಿ ಹಿಂದಿಯಲ್ಲಿ ‘ರಜಿಯಾ ಸುಲ್ತಾನ್’ ಅಂತ ಒಂದು ಭಾರೀ ಸಿನಿಮಾ ಬಂತು. ನಿರ್ದೇಶಕರು ಕಮಾಲ್ ಅಮ್ರೋಹಿ. ದೆಹಲಿಯ ಸಿಂಹಾಸನ ಏರಿದ ರಜಿಯಾ ಪಾತ್ರದಲ್ಲಿ ಹೇಮಾಮಾಲಿನಿ. ಆಕೆಯ ಆಸ್ಥಾನದಲ್ಲಿದ್ದ ಯಾಕೂತ್ ಅನ್ನುವ ಹಬ್ಶಿ, ಅಂದರೆ ಆಫ್ರಿಕಾ ಮೂಲದ ಯೋಧನ ಪಾತ್ರದಲ್ಲಿ ಧರ್ಮೇಂದ್ರ. ಪಂಜಾಬಿನ ಧರ್ಮೇಂದ್ರ ಆಫ್ರಿಕಾದವರಾಗಿದ್ದು ಹೇಗೆ? ಮುಖಕ್ಕೆ ಕಪ್ಪು ಮೇಕಪ್ ಬಳಿದರು. ಅಷ್ಟೇ.

ಅದೇ 1983ರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಾಡಿನ ಊರುಗಳಲ್ಲಿ ಆ ಮೇಕಪ್ ಬೇಡವೇ ಬೇಡದ ಸಾವಿರಾರು ಜನ ಇದ್ದರು. ಯಾಕೂತ್‌ನ ಹಾಗೇ ಅವರ ಹಿರಿಯರೂ ಆಫ್ರಿಕಾದಿಂದ ಬಂದವರು. ಅವರೇ ಸಿದ್ದಿಗಳು. ಪಾತ್ರ ಆಫ್ರಿಕಾದ್ದು, ಜನ ಈ ದೇಶದಲ್ಲೇ ಇದ್ದಾರೆ, ಆದರೆ ಅವಕಾಶ ಹೋಗಿದ್ದು ಸ್ಟಾರ್‌ಗೆ. ಯಾಕೆ ಹೀಗೆ ಅನ್ನೋದೇ ಇವತ್ತಿನ ಪ್ರಶ್ನೆ.

ನಾನು ಅಂಕೋಲಾ ತಾಲೂಕಿನ ಹಿಲ್ಲೂರಿನವನು. ನಮ್ಮ ಕಡೆ ಸಿದ್ದಿಗಳನ್ನು ಕಂಡರೆ ಯಾರಿಗೂ ಅಚ್ಚರಿ ಇಲ್ಲ. ಅಂಕೋಲಾದ ಒಳಭಾಗದಲ್ಲಿ ಇದ್ದಾರೆ. ಘಟ್ಟ ಹತ್ತಿದರೆ ಯಲ್ಲಾಪುರ, ಆಚೆ ಹಳಿಯಾಳ, ಮುಂಡಗೋಡ, ಶಿರಸಿ, ಎಲ್ಲ ಕಡೆ ಇದ್ದಾರೆ. ಅಡಿಕೆ ತೋಟದ ಕೆಲಸ, ಗದ್ದೆ ಕೆಲಸ, ಕಾಡಿನ ಜೇನು, ಇದು ತಲೆಮಾರುಗಳಿಂದ ನಡೆದು ಬಂದ ಬದುಕು. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಕನ್ನಡ, ಕೊಂಕಣಿ ಎರಡೂ ಬಾಯಲ್ಲಿ ಸಲೀಸು. ಆದರೆ ಹೊರಗಿನವರು ಬಂದರೆ ಕಥೆ ಬೇರೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಪ್ರವಾಸಿ ಇಂಗ್ಲಿಷಿನಲ್ಲಿ ‘ಯಾವ ದೇಶ?’ ಅಂತ ಕೇಳುತ್ತಾನೆ. ಹುಡುಗ ಕಿಟಕಿ ಕಡೆ ನೋಡುತ್ತಾ ‘ಯಲ್ಲಾಪುರ’ ಅನ್ನುತ್ತಾನೆ. ಈ ದೃಶ್ಯ ನಮ್ಮ ದಾರಿಯಲ್ಲಿ ಹೊಸದೇನಲ್ಲ.

16ನೇ ಶತಮಾನದಿಂದ ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ಗುಲಾಮರನ್ನು ಹಡಗಿನಲ್ಲಿ ಗೋವಾಕ್ಕೆ ತಂದರು. ಅಲ್ಲಿಂದ ತಪ್ಪಿಸಿಕೊಂಡವರು, ಬಿಡುಗಡೆ ಆದವರು ದಕ್ಷಿಣಕ್ಕೆ ಬಂದು ಸಹ್ಯಾದ್ರಿಯ ಕಾಡು ಸೇರಿದರು. ಅಂದರೆ ಬಂದು ನೂರಾರು ವರ್ಷ ಆಯ್ತು. ಅಷ್ಟಾದರೂ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳು 2020ರವರೆಗೆ ಕಾಯಬೇಕಾಯ್ತು. ಅದೇ 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಶಾಸನಸಭೆಯ ಒಳಗೆ ಕೂತ ಮೊದಲ ಸಿದ್ದಿ ಅವರು.

ಈಗ ನಿಮ್ಮನ್ನು ಅಮೆರಿಕಕ್ಕೆ ಕರೆದುಕೊಂಡು ಹೋಗ್ತೀನಿ. ಕಾರಣ ಇದೆ. ‘ರಜಿಯಾ ಸುಲ್ತಾನ್’ಗಿಂತ 68 ವರ್ಷ ಮೊದಲು ಅಲ್ಲೂ ಇದೇ ಬಣ್ಣ ಬಳಿಯುವ ಕೆಲಸ ನಡೆದಿತ್ತು. ಅದಕ್ಕೆ ಒಬ್ಬ ರೈತ ಕೊಟ್ಟ ಉತ್ತರ ನಮಗೂ ಬೇಕಾದ ಪಾಠ.

1915ರಲ್ಲಿ ಡಿ.ಡಬ್ಲ್ಯು. ಗ್ರಿಫಿತ್ ಅವರ ‘ದಿ ಬರ್ತ್ ಆಫ್ ಎ ನೇಷನ್’ ಬಂತು. ತಾಂತ್ರಿಕವಾಗಿ ಅದ್ಭುತ ಸಿನಿಮಾ. ಆದರೆ ಅದರಲ್ಲಿ ಕಪ್ಪು ಜನರ ಮುಖ್ಯ ಪಾತ್ರಗಳನ್ನು ಮಾಡಿದ್ದು ಮುಖಕ್ಕೆ ಮಸಿ ಬಳಿದುಕೊಂಡ ಬಿಳಿಯ ನಟರು. ಕಪ್ಪು ಮನುಷ್ಯ ಅಂದರೆ ಕಾಮುಕ, ಸೋಮಾರಿ, ಅಪಾಯಕಾರಿ ಅಂತ ತೋರಿಸಿದರು. ಕೂ ಕ್ಲಕ್ಸ್ ಕ್ಲಾನ್ ಅನ್ನುವ ಹಿಂಸೆಯ ಸಂಘಟನೆಯನ್ನು ಹೀರೋ ಮಾಡಿದರು. ಸತ್ತೇ ಹೋಗಿದ್ದ ಆ ಸಂಘಟನೆ ಅದೇ ವರ್ಷ ಮತ್ತೆ ಹುಟ್ಟಿಕೊಂಡಿತು. ಒಂದು ಸಿನಿಮಾ ಏನು ಮಾಡಬಲ್ಲದು ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಕಾ?

ಆ ಹೊತ್ತಿಗೆ ಅಮೆರಿಕದಲ್ಲಿ ಆಸ್ಕರ್ ಮಿಶೋ ಅಂತ ಒಬ್ಬ ಕಪ್ಪು ಮನುಷ್ಯ ಇದ್ದ. ಹುಟ್ಟಿದ್ದು 1884ರಲ್ಲಿ, ಇಲಿನಾಯ್ ರಾಜ್ಯದಲ್ಲಿ. ರೈಲಿನ ಮಲಗುವ ಬೋಗಿಗಳಲ್ಲಿ ಪೋರ್ಟರ್ ಆಗಿ ದುಡಿದ. ದುಡಿದ ದುಡ್ಡಲ್ಲಿ ಸೌತ್ ಡಕೋಟಾದಲ್ಲಿ ಜಮೀನು ಹಿಡಿದು ರೈತನಾದ. ತನ್ನದೇ ಬದುಕನ್ನು ಕಾದಂಬರಿ ಮಾಡಿ ಬರೆದ, ಹೆಸರು ‘ದಿ ಹೋಮ್‌ಸ್ಟೆಡರ್’. ಕಪ್ಪು ಜನರೇ ನಡೆಸುತ್ತಿದ್ದ ಲಿಂಕನ್ ಮೋಷನ್ ಪಿಕ್ಚರ್ ಕಂಪನಿ ಬಂದು, ಇದನ್ನು ಸಿನಿಮಾ ಮಾಡ್ತೀವಿ, ಹಕ್ಕು ಕೊಡಿ ಅಂತು. ಮಿಶೋ ಹೇಳಿದ ಷರತ್ತು ಒಂದೇ: ನಿರ್ದೇಶನ ನಾನೇ ಮಾಡಬೇಕು. ಮಾತುಕತೆ ಮುರಿದು ಬಿತ್ತು.

ಮಿಶೋ ಸುಮ್ಮನೆ ಕೂರಲಿಲ್ಲ. ತನ್ನದೇ ಕಂಪನಿ ತೆಗೆದ. ಬಂಡವಾಳ? ಕಾದಂಬರಿಯನ್ನು ಮನೆ ಮನೆಗೆ ಹೋಗಿ ಮಾರುತ್ತಿದ್ದ ಹಾಗೇ, ಆ ಭಾಗದ ರೈತರ ಹತ್ತಿರ ಹೋಗಿ ಕಂಪನಿಯ ಷೇರು ಮಾರಿದ. ಆ ರೈತರಲ್ಲಿ ಬಹಳ ಜನ ಬಿಳಿಯರು. 1919ರಲ್ಲಿ ಸಿನಿಮಾ ಬಿಡುಗಡೆ ಆಯ್ತು. 1920ರಲ್ಲಿ ‘ವಿದಿನ್ ಅವರ್ ಗೇಟ್ಸ್’ ಬಂತು. ಕಪ್ಪು ಜನರನ್ನು ಗುಂಪುಕಟ್ಟಿ ಕೊಲ್ಲುವುದನ್ನು ಅದರಲ್ಲಿ ನೇರವಾಗಿ ತೋರಿಸಿದ. ಹಿಂದಿನ ವರ್ಷವಷ್ಟೇ ಜನಾಂಗೀಯ ಗಲಭೆ ಕಂಡಿದ್ದ ಶಿಕಾಗೋದಲ್ಲಿ ಸೆನ್ಸಾರ್ ತಕರಾರು ತೆಗೆಯಿತು. ಆದರೂ ಬಿಡಲಿಲ್ಲ. 1951ರಲ್ಲಿ ಸಾಯುವ ಹೊತ್ತಿಗೆ 40ಕ್ಕೂ ಹೆಚ್ಚು ಸಿನಿಮಾ ಮಾಡಿದ್ದ.

ಗಮನಿಸಿ, ಮಿಶೋ ಜಗಳ ಆಡಿದ್ದು ಪಾತ್ರಕ್ಕಾಗಿ ಅಲ್ಲ. ನಿರ್ದೇಶನದ ಕುರ್ಚಿಗಾಗಿ. ಕಥೆ ನನ್ನದು ಅಂದಮೇಲೆ ಕ್ಯಾಮೆರಾ ಎಲ್ಲಿ ಇಡಬೇಕು ಅನ್ನುವ ತೀರ್ಮಾನವೂ ನನ್ನದೇ ಅಂತ.

ಕ್ಯಾಮೆರಾ ಅಂದಾಗ ನನ್ನೊಳಗಿನ ಇಂಜಿನಿಯರ್ ಸುಮ್ಮನಿರಲ್ಲ. ಕ್ಯಾಮೆರಾ ಒಂದು ಯಂತ್ರ, ಅದಕ್ಕೆ ಜಾತಿ ಇಲ್ಲ, ಬಣ್ಣ ಇಲ್ಲ ಅಂತ ನಾವು ಅಂದುಕೊಂಡಿರ್ತೀವಿ. ಆದರೆ ಪ್ರತಿ ಯಂತ್ರಕ್ಕೂ ಒಂದು ಅಳತೆಗೋಲು ಬೇಕು. ಕಲರ್ ಫಿಲ್ಮಿನ ಕಾಲದಲ್ಲಿ ಕೊಡಾಕ್ ಕಂಪನಿ ಫೋಟೋ ಲ್ಯಾಬ್‌ಗಳಿಗೆ ಒಂದು ಕಾರ್ಡ್ ಕಳಿಸುತ್ತಿತ್ತು. ಅದರ ಮೇಲೆ ಒಬ್ಬ ಬಿಳಿಯ ಹೆಣ್ಣುಮಗಳ ಫೋಟೋ. ಲ್ಯಾಬಿನವರು ಅದಕ್ಕೆ ‘ಶರ್ಲಿ ಕಾರ್ಡ್’ ಅನ್ನುತ್ತಿದ್ದರು. ಆಕೆಯ ಚರ್ಮದ ಬಣ್ಣ ಸರಿ ಬಂದರೆ ಪ್ರಿಂಟ್ ಸರಿ. ಬಿಳಿ ಮುಖ, ಕಪ್ಪು ಮುಖ ಒಟ್ಟಿಗೆ ಕೂತ ಫೋಟೋ ತೆಗೆದರೆ ಬಿಳಿಯವರು ಚೆನ್ನಾಗಿ ಬರುತ್ತಿದ್ದರು, ಕಪ್ಪು ಮುಖದಲ್ಲಿ ಕಣ್ಣು, ಹಲ್ಲು ಬಿಟ್ಟು ಏನೂ ಕಾಣುತ್ತಿರಲಿಲ್ಲ. ಕಂಪನಿ ಫಿಲ್ಮ್ ಸುಧಾರಿಸಲು ಹೊರಟಾಗ ಹೆಚ್ಚು ಕೆಲಸ ಮಾಡಿದ ದೂರು ಯಾವುದು ಗೊತ್ತಾ? ಚಾಕೊಲೇಟ್ ಮತ್ತು ಮರದ ಫರ್ನಿಚರ್ ಜಾಹೀರಾತು ಮಾಡುವವರದು. ನಮ್ಮ ಚಾಕೊಲೇಟ್ ಬಣ್ಣ ಸರಿ ಬರ್ತಿಲ್ಲ ಅಂತ! ಬೇರೆ ಬೇರೆ ಬಣ್ಣದ ಮನುಷ್ಯರನ್ನು ಒಟ್ಟಿಗೆ ಕೂರಿಸಿದ ಕಾರ್ಡ್ ಬಂದಿದ್ದು 1990ರ ದಶಕದಲ್ಲಿ.

ಇದು ಬರೀ ಅಮೆರಿಕದ ಕಥೆ ಅಲ್ಲ. ನಾನು ದಿನಾ ಕೂರುವ ಮೇಕಪ್ ಕುರ್ಚಿಯಲ್ಲೂ ನನ್ನ ನಿಜವಾದ ಬಣ್ಣಕ್ಕಿಂತ ಎರಡು ಮೆಟ್ಟಿಲು ಬೆಳ್ಳಗಿನ ಪೌಡರ್ ಕಾದಿರುತ್ತದೆ. ನೀವು ನೋಡುವ ನನ್ನ ಮುಖ ಹಿಲ್ಲೂರಿನ ಬಿಸಿಲು ಕಂಡ ಮುಖ ಅಲ್ಲ.

ಇನ್ನು ಸಿನಿಮಾ ಮಾಡಿದ ಮೇಲಿನ ಕಷ್ಟ. ಚಾರ್ಲ್ಸ್ ಬರ್ನೆಟ್ ಲಾಸ್ ಏಂಜಲೀಸಿನಲ್ಲಿ ಓದುತ್ತಿದ್ದಾಗ ‘ಕಿಲ್ಲರ್ ಆಫ್ ಶೀಪ್’ ಮಾಡಿದರು. ಕಸಾಯಿಖಾನೆಯಲ್ಲಿ ದುಡಿಯುವ ಒಬ್ಬ ಕಪ್ಪು ಮನುಷ್ಯನ ಮನೆ, ಮಕ್ಕಳು, ದಣಿವು, ಇಷ್ಟೇ ಕಥೆ. ಶನಿವಾರ, ಭಾನುವಾರ ಶೂಟಿಂಗ್. ನಟರೆಲ್ಲ ಅಕ್ಕಪಕ್ಕದ ಮನೆಯವರು, ಸ್ನೇಹಿತರು. ಖರ್ಚು 10 ಸಾವಿರ ಡಾಲರ್ ಒಳಗೆ. 1970ರ ದಶಕದ ಕೊನೆಯಲ್ಲಿ ಮುಗಿದ ಆ ಚಿತ್ರ ಥಿಯೇಟರಿಗೆ ಸರಿಯಾಗಿ ಬಂದಿದ್ದು 2007ರಲ್ಲಿ. ಬಳಸಿದ ಹಾಡುಗಳ ಹಕ್ಕು ಕೊಳ್ಳಲು ದುಡ್ಡಿರಲಿಲ್ಲ, ಅದಕ್ಕೆ ಸುಮಾರು 30 ವರ್ಷ ತಡ.

ಇಥಿಯೋಪಿಯಾದಿಂದ ಅಮೆರಿಕಕ್ಕೆ ವಲಸೆ ಹೋದ ಹೈಲೆ ಗೆರಿಮಾ ಅವರದು ಇನ್ನೊಂದು ದಾರಿ. 1993ರಲ್ಲಿ ಅವರು ‘ಸಂಕೋಫಾ’ ಮಾಡಿದರು. ಇವತ್ತಿನ ಕಾಲದ ಒಬ್ಬ ಮಾಡೆಲ್, ಗುಲಾಮಗಿರಿಯ ಕಾಲಕ್ಕೆ ಹೋಗಿ ಬೀಳುವ ಕಥೆ. ಹಂಚಿಕೆದಾರರು ಕೈ ಎತ್ತಿದರು. ಗೆರಿಮಾ ತಾವೇ ಥಿಯೇಟರ್ ಬಾಡಿಗೆ ಹಿಡಿದರು. ಊರೂರಿನ ಕಪ್ಪು ಸಮುದಾಯದವರು ಟಿಕೆಟ್ ಮಾರಿದರು. ಬಾಯಿಂದ ಬಾಯಿಗೆ ಹರಡಿ ಸಿನಿಮಾ ಓಡಿತು. ಆಮೇಲೆ ವಾಷಿಂಗ್ಟನ್‌ನಲ್ಲಿ ಅದೇ ಹೆಸರಿನ ಪುಸ್ತಕದಂಗಡಿಯನ್ನೂ ತೆರೆದರು.

ಈಗ ಮತ್ತೆ ನಮ್ಮ ಘಟ್ಟಕ್ಕೆ ಬನ್ನಿ.

ಧರ್ಮೇಂದ್ರ ಬಣ್ಣ ಬಳಿದುಕೊಂಡ ಅದೇ 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಂ ‘ಜನಸ್ಪಂದನ’ ಅನ್ನುವ ಯೋಜನೆ ಶುರು ಮಾಡಿತ್ತು. ಹಳ್ಳಿಗಳಿಗೆ ಒಳ್ಳೆಯ ಸಿನಿಮಾ, ಒಳ್ಳೆಯ ನಾಟಕ ಒಯ್ಯುವ ಕೆಲಸ. ಆಗ ಚಿದಂಬರರಾವ್ ಜಂಬೆ ಯಲ್ಲಾಪುರ ತಾಲೂಕಿನ ಮಂಚೀಕೇರಿಯಲ್ಲಿ ಸಿದ್ದಿಗಳನ್ನೇ ಕಲಾವಿದರನ್ನಾಗಿ ಮಾಡಿ ‘ಕಪ್ಪು ಜನ ಕೆಂಪು ನೆರಳು’ ನಾಟಕ ಆಡಿಸಿದರು. ನೈಜೀರಿಯಾದ ಚಿನುವಾ ಅಚಿಬೆ ಬರೆದ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿಯ ರಂಗರೂಪ ಅದು. ಬಿಳಿಯರು ಬಂದು ಆಫ್ರಿಕಾದ ಒಂದು ಊರು ಒಡೆದು ಹೋಗುವ ಕಥೆಯನ್ನು, ಆಫ್ರಿಕಾದಿಂದ ಎಳೆದು ತಂದವರ ಮೊಮ್ಮಕ್ಕಳು ಕನ್ನಡದಲ್ಲಿ ಆಡಿದರು. ಯಾರ ಮುಖಕ್ಕೂ ಮಸಿ ಬಳಿಯಬೇಕಾಗಿರಲಿಲ್ಲ.

ಆ ಬೀಜ ಸುಮ್ಮನೆ ಹೋಗಲಿಲ್ಲ. ನೀನಾಸಂನಲ್ಲಿ ಕಲಿತ ಪ್ರಶಾಂತ್ ಸಿದ್ದಿ ಯೋಗರಾಜ್ ಭಟ್ಟರ ‘ಪರಮಾತ್ಮ’ದಿಂದ ಮೊದಲಾಗಿ ಎಷ್ಟೋ ಸಿನಿಮಾದಲ್ಲಿ ಕಾಣಿಸಿಕೊಂಡರು. ಗಿರಿಜಾ ಸಿದ್ದಿ ನಟಿಯೂ ಹೌದು, ಗಾಯಕಿಯೂ ಹೌದು. 2021ರ ‘ಸಲಗ’ದಲ್ಲಿ ಅವರು ಮತ್ತು ಗೀತಾ ಸಿದ್ದಿ ಹಾಡಿದ ಹಾಡಿಗೆ ಇಡೀ ಕರ್ನಾಟಕ ಕುಣಿಯಿತು.

2024ರಲ್ಲಿ ‘ರಿದಮ್ ಆಫ್ ದಮ್ಮಾಮ್’ ಬಂತು. ದಮ್ಮಾಮ್ ಅಂದರೆ ಸಿದ್ದಿಗಳ ಚರ್ಮವಾದ್ಯ. ಸತ್ತ ಹಿರಿಯನೊಬ್ಬ ಮೈಮೇಲೆ ಬಂದು, ಗುಲಾಮಗಿರಿಯ ನೆನಪು ಒಬ್ಬ ಪುಟ್ಟ ಹುಡುಗನಿಗೆ ಇಳಿದು ಬರುವ ಕಥೆ. ನಟರು ಸಿದ್ದಿಗಳೇ. ಗೋವಾದ ಚಲನಚಿತ್ರೋತ್ಸವದಲ್ಲಿ, ಕೇರಳದ ಉತ್ಸವದಲ್ಲಿ ಪ್ರದರ್ಶನ ಆಯ್ತು. ಮಾಡಿದವರು ಜಯನ್ ಚೆರಿಯನ್. ಕೇರಳದಲ್ಲಿ ಹುಟ್ಟಿ ನ್ಯೂಯಾರ್ಕ್‌ಗೆ ವಲಸೆ ಹೋದ ಕವಿ, ನಿರ್ದೇಶಕ. ‘ಪಾಪಿಲಿಯೋ ಬುದ್ಧ’ ಮಾಡಿ ಸೆನ್ಸಾರ್ ಜೊತೆ ಗುದ್ದಾಡಿದವರು. ‘ಸಂಕೋಫಾ’ ಹಿಡಿದ ದಾರಿಯ ಒಂದು ಕವಲು ಯಲ್ಲಾಪುರದ ಕಾಡಿಗೂ ಬಂದು ಸೇರಿತು ಅನ್ನಬಹುದು.

ಹೊರಗಿನವರು ಬಂದು ಮಾಡಿದರೆ ತಪ್ಪಾ? ಖಂಡಿತ ಇಲ್ಲ. ಕನ್ನಡಕ್ಕೆ ಮೊದಲ ಸ್ವರ್ಣ ಕಮಲ ತಂದ ‘ಸಂಸ್ಕಾರ’ದ ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ನೆಲ್ಲೂರಿನವರು, ಛಾಯಾಗ್ರಾಹಕ ಟಾಮ್ ಕೋವನ್ ಆಸ್ಟ್ರೇಲಿಯಾದವರು. ಆದರೆ ಹೊರಗಿನವರು ಮಾತ್ರ ಮಾಡಿದರೆ ಏನಾಗುತ್ತೆ ಅನ್ನೋದಕ್ಕೂ ಸಿದ್ದಿಗಳ ಹತ್ತಿರ ಅನುಭವ ಇದೆ. 1987ರ ಹೊತ್ತಿಗೆ ಕ್ರೀಡಾ ಪ್ರಾಧಿಕಾರ ಬಂದು, ಇವರು ಆಫ್ರಿಕಾ ಮೂಲದವರು, ಓಟದಲ್ಲಿ ಪದಕ ತರ್ತಾರೆ ಅಂತ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದಿತು. 1993ರಲ್ಲಿ ಆ ಯೋಜನೆ ನಿಂತಿತು. ಶುರು ಮಾಡಿದ್ದೂ ಬೇರೆಯವರು, ನಿಲ್ಲಿಸಿದ್ದೂ ಬೇರೆಯವರು. ಓಡುವವರನ್ನು ಯಾರೂ ಕೇಳಲಿಲ್ಲ.

ಅದಕ್ಕೇ ಒಂದು ಚಿಕ್ಕ ಪರೀಕ್ಷೆ. ಸಿದ್ದಿ ನಟರ ಹೆಸರು ಹೇಳಿ ಅಂದರೆ ನೀವು ಒಂದೆರಡು ಹೇಳ್ತೀರಿ. ಸಿದ್ದಿ ನಿರ್ದೇಶಕ? ಛಾಯಾಗ್ರಾಹಕ? ನಿರ್ಮಾಪಕ? ನೀವು ಸುಮ್ಮನಾದರೆ ಅಲ್ಲೇ ಉತ್ತರ ಇದೆ.

ಆಗಲ್ಲ ಅನ್ನಬೇಡಿ. ನಮ್ಮ ಜಿಲ್ಲೆಯ ನಟೇಶ್ ಹೆಗಡೆ ತಮ್ಮ ಊರಿನ ಸುತ್ತಮುತ್ತಲೇ ‘ಪೆಡ್ರೊ’ ಮಾಡಿದರು. ಮುಖ್ಯ ಪಾತ್ರದಲ್ಲಿ ಅವರ ತಂದೆ. 2021ರಲ್ಲಿ ಅದು ದಕ್ಷಿಣ ಕೊರಿಯಾದ ಬುಸಾನ್ ಉತ್ಸವಕ್ಕೆ ಹೋಯಿತು. 2025ರಲ್ಲಿ ಅವರ ‘ವಾಘಾಚಿಪಾಣಿ’ ಬರ್ಲಿನ್‌ಗೆ ಹೋಯಿತು. ಇನ್ನು ದುಡ್ಡು. ಮಿಶೋ ರೈತರಿಗೆ ಷೇರು ಮಾರಿದ ಹಾಗೇ, ಪವನ್ ಕುಮಾರ್ ‘ಲೂಸಿಯಾ’ಕ್ಕೆ ಪ್ರೇಕ್ಷಕರಿಂದಲೇ ಸುಮಾರು 50 ಲಕ್ಷ ರೂಪಾಯಿ ಎತ್ತಿದರು. 2013ರಲ್ಲಿ ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ ಬಂತು. ಕನ್ನಡದ ಪ್ರೇಕ್ಷಕ ಒಂದು ಸಲ ನಿರ್ಮಾಪಕ ಆಗಿದ್ದಾನೆ. ಇನ್ನೊಂದು ಸಲ ಯಾಕೆ ಆಗಬಾರದು?

ತಡ ಮಾಡಿದರೆ ಆಗುವ ನಷ್ಟ ಏನು ಅಂತ ಅಂಕೋಲಾದವರಿಗೆ ಹೇಳಿಕೊಡಬೇಕಾಗಿಲ್ಲ. 2025ರ ಫೆಬ್ರುವರಿಯಲ್ಲಿ ಬಡಗೇರಿಯ ಸುಕ್ರಿ ಬೊಮ್ಮಗೌಡ ತೀರಿಕೊಂಡರು. ಹಾಲಕ್ಕಿ ಹಾಡುಗಳ ಕಣಜ ಅನ್ನಿಸಿಕೊಂಡಿದ್ದ ಅಜ್ಜಿ. ರೆಕಾರ್ಡ್ ಆಗಿದ್ದು ಉಳಿಯಿತು, ಆಗದಿದ್ದದ್ದು ಅವರ ಜೊತೆ ಹೋಯಿತು. ಸಿದ್ದಿ ಅಜ್ಜ ಅಜ್ಜಿಯರ ದಮ್ಮಾಮ್ ಹಾಡುಗಳಿಗೂ ಇದೇ ಲೆಕ್ಕ. ಇನ್ನು ಸಿನಿಮಾ ಮಾಡಿಟ್ಟರೂ ಕಾಪಾಡದಿದ್ದರೆ ಉಳಿಯಲ್ಲ. ಮಿಶೋನ ಮೊದಲ ಚಿತ್ರ ಇವತ್ತಿಗೂ ಸಿಕ್ಕಿಲ್ಲ. ‘ವಿದಿನ್ ಅವರ್ ಗೇಟ್ಸ್’ ದಶಕಗಳ ಕಾಲ ಕಾಣೆಯಾಗಿತ್ತು. ಕೊನೆಗೆ ಒಂದು ಪ್ರತಿ ಸ್ಪೇನ್ ದೇಶದಲ್ಲಿ, ಬೇರೆ ಹೆಸರಿನಲ್ಲಿ ಸಿಕ್ಕಿತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ಸರಿಪಡಿಸಿ 1993ರಲ್ಲಿ ಹೊರತಂದಿತು.

ಇವತ್ತು ಫಿಲ್ಮ್ ರೀಲು ಬೇಡ, ಲ್ಯಾಬ್ ಬೇಡ, ಶರ್ಲಿ ಕಾರ್ಡ್ ಬೇಡ. ಯಲ್ಲಾಪುರದ ಯಾವುದೇ ಹುಡುಗಿಯ ಕೈಯಲ್ಲಿರುವ ಮೊಬೈಲ್, ಬರ್ನೆಟ್ ಅವರಿಗೆ ಕನಸಿನಲ್ಲೂ ಸಿಗದಿದ್ದ ಕ್ಯಾಮೆರಾ. ಬೇಕಾಗಿರುವುದು ಒಂದು ತರಬೇತಿ ಶಿಬಿರ, ಒಂದು ಎಡಿಟಿಂಗ್ ಕಂಪ್ಯೂಟರ್, ತಾಲೂಕು ಕೇಂದ್ರದಲ್ಲಿ ಒಂದು ಪರದೆ. ಸರ್ಕಾರದ ಸಬ್ಸಿಡಿ ಪಟ್ಟಿಯಲ್ಲಿ ಮತ್ತು ನಮ್ಮಂಥ ಚಾನೆಲ್‌ಗಳ ಭಾನುವಾರದ ಸ್ಲಾಟ್‌ನಲ್ಲಿ ಒಂದಿಷ್ಟು ಜಾಗ. ಯಾಕೂತ್‌ನ ಕಥೆಯನ್ನು ಯಾರಾದರೂ ಮತ್ತೆ ತೆಗೆಯುವುದಾದರೆ ಈ ಸಲ ‘ಆಕ್ಷನ್’ ಅನ್ನುವ ದನಿ ಮಂಚೀಕೇರಿಯಿಂದ ಬರಲಿ. ಟಿಕೆಟ್ ದುಡ್ಡು ನಾನು ಈಗಲೇ ತೆಗೆದಿಟ್ಟಿದ್ದೇನೆ, ನೀವೂ ತೆಗೆದಿಡಿ.