ಮೂಲವಿಲ್ಲದ ಸಂಖ್ಯೆ

ಘಟಪ್ರಭೆಯ ದಡದ ಅನಗವಾಡಿಯಲ್ಲಿ ರೈತನು ಮೊದಲು ಬದುವನ್ನು ನೋಡುತ್ತಾನೆ, ಅನಂತರ ಬಿತ್ತುತ್ತಾನೆ. ಬೀಜಗಣಿತದ ರೀತಿಯೂ ಇದೇ. ಒಂದು ಸಂಖ್ಯೆಯನ್ನು ಕೊಟ್ಟರೆ ಒಂದೇ ಒಂದು ಸಂಖ್ಯೆಯನ್ನು ಮರಳಿ ಕೊಡುವ ನಿಯಮಕ್ಕೆ ಫಲನವೆಂದು ಹೆಸರು. ಕೊಡಬಹುದಾದ ಸಂಖ್ಯೆಗಳೆಲ್ಲ ಸೇರಿ ಅದರ ಕ್ಷೇತ್ರ. ದೊರೆಯುವ ಸಂಖ್ಯೆಗಳೆಲ್ಲ ಸೇರಿ ಅದರ ವ್ಯಾಪ್ತಿ. ಸಂಸ್ಕೃತದಲ್ಲಿ ಕ್ಷೇತ್ರವೆಂದರೆ ಹೊಲವೇ ಅಲ್ಲವೆ?

ಯುರೋಪಿನಲ್ಲಿ ಫಲನಕ್ಕೆ ಹೆಸರಿಟ್ಟವನು ಹದಿನೇಳನೆಯ ಶತಮಾನದ ಲೈಬ್ನಿಟ್ಸ್; ಅದರ ಲಕ್ಷಣವನ್ನು 1837ರಲ್ಲಿ ಸ್ಪಷ್ಟಗೊಳಿಸಿದವನು ಡಿರಿಶ್ಲೆ. ಆದರೆ 'ಈ ಕ್ರಿಯೆಗೆ ಯಾವ ಸಂಖ್ಯೆ ಸಲ್ಲುತ್ತದೆ, ಯಾವುದು ಸಲ್ಲದು' ಎಂಬ ಪ್ರಶ್ನೆ ಅದಕ್ಕಿಂತ ಬಹು ಹಿಂದಿನದು. ಕನ್ನಡಕ್ಕೆ 'ಕವಿರಾಜಮಾರ್ಗ' ದೊರೆತ ನೃಪತುಂಗ ಅಮೋಘವರ್ಷನ ಕಾಲದಲ್ಲಿಯೇ, ಕ್ರಿ.ಶ. 850ರ ಸುಮಾರಿಗೆ, ಜೈನಗಣಿತಜ್ಞ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದನು. ಆ ದೊರೆಯನ್ನು ಗ್ರಂಥದ ಆರಂಭದಲ್ಲಿ ಸ್ತುತಿಸಿಯೂ ಇದ್ದಾನೆ.

ಧನಸಂಖ್ಯೆಯ ವರ್ಗವೂ ಋಣಸಂಖ್ಯೆಯ ವರ್ಗವೂ ಧನವೇ; ಋಣಸಂಖ್ಯೆ ಸ್ವಭಾವತಃ ಯಾವುದರ ವರ್ಗವೂ ಅಲ್ಲ; ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ. ಇದು ಅವನ ವಾದ. ಮೂರರ ವರ್ಗ ಒಂಬತ್ತು, ಋಣ ಮೂರರ ವರ್ಗವೂ ಒಂಬತ್ತು. ಋಣ ಒಂಬತ್ತು ಎಲ್ಲಿಂದಲೂ ಬಾರದು. ಇಂದಿನ ಪರಿಭಾಷೆಯಲ್ಲಿ ಹೇಳುವುದಾದರೆ ವರ್ಗದ ವ್ಯಾಪ್ತಿಯೇ ವರ್ಗಮೂಲದ ಕ್ಷೇತ್ರ. ಒಂಬತ್ತಕ್ಕೆ ಎರಡು ಮೂಲಗಳುಂಟೆಂಬುದನ್ನೂ ಅವನು ಬಲ್ಲ. ಫಲನಕ್ಕೆ ಒಂದೇ ಉತ್ತರವಿರಬೇಕಾದುದರಿಂದ ಇಂದು ಧನಮೂಲವನ್ನಷ್ಟೇ ಆರಿಸಿಕೊಳ್ಳುತ್ತಾರೆ.

ಅದೇ ಆಚಾರ್ಯನು ಸೊನ್ನೆಯ ಬಳಿ ಬದುವನ್ನು ದಾಟಿದನು. ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಉಳಿಯುತ್ತದೆಂದು ಬರೆದನು. ಹಾಗಾದರೆ ಆರನ್ನು ಸೊನ್ನೆಯಿಂದ ಭಾಗಿಸಿದಾಗ ಆರೇ ಬರಬೇಕು. ಆ ಆರನ್ನು ಮರಳಿ ಸೊನ್ನೆಯಿಂದ ಗುಣಿಸಿದರೂ ಆರೇ ದೊರೆಯಬೇಕು. ಸೊನ್ನೆಯಿಂದ ಗುಣಿಸಿದ್ದು ಸೊನ್ನೆಯೆಂದು ಅವನೇ ಹೇಳಿದ್ದಾನೆ! ಭಾಗಾಕಾರದ ಕ್ಷೇತ್ರದಲ್ಲಿ ಸೊನ್ನೆಗೆ ಸ್ಥಳವಿಲ್ಲ. ಅಲ್ಲಿ ಉತ್ತರ ಕೊಡದಿರುವುದೇ ಸರಿಯಾದ ಉತ್ತರ.

ಮುಂದೆ 1572ರಲ್ಲಿ ಇಟಲಿಯ ಬೊಂಬೆಲ್ಲಿಯು ಋಣಸಂಖ್ಯೆಯ ಮೂಲಗಳಿಗೂ ಲೆಕ್ಕದ ನಿಯಮಗಳನ್ನು ಕೊಟ್ಟನು. ಇದರಿಂದ ಮಹಾವೀರನ ಮಾತು ಸುಳ್ಳಾಗಲಿಲ್ಲ. ಸಂಖ್ಯೆಗಳ ಹೊಲವೇ ದೊಡ್ಡದಾಯಿತು. ಹಳೆಯ ಹೊಲದೊಳಗೆ ಅವನ ಬದು ಇಂದಿಗೂ ಭದ್ರ.

ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ಗಣಿತವನ್ನು ಕನ್ನಡಕ್ಕೆ ತಂದನು. ಅವನ ಒಂದು ಕೃತಿಯ ಹೆಸರು 'ಕ್ಷೇತ್ರಗಣಿತ'. ಅಲ್ಲಿ ಕ್ಷೇತ್ರವೆಂದರೆ ಅಳೆಯುವ ಆಕೃತಿ. ಕನ್ನಡ ಸಾಹಿತ್ಯವನ್ನು ಓದಿದ ನಾವು ಪಂಪ ರನ್ನರನ್ನು ಬಲ್ಲೆವು, ಈ ಗಣಿತಜ್ಞರನ್ನು ಅಷ್ಟಾಗಿ ಅರಿಯೆವು. ಒಂದು ಮಾತು ಎಲ್ಲಿಯವರೆಗೆ ಸತ್ಯವೆಂದು ಕೇಳುವ ವಿವೇಕ ಕಾವ್ಯವಿಮರ್ಶೆಗೂ ಬೇಕಾದುದು. ಅದನ್ನು ಅವರಿಂದಲೂ ಕಲಿಯಬಹುದೆಂದು ನನ್ನ ನಂಬಿಕೆ.