ಐವತ್ತೆಂಟರ ಆಚೆ: ಮುಂಬಯಿ ಹೊರವಲಯದ ಕನ್ನಡಿಗರ ನಿವೃತ್ತಿಯ ಚರಿತ್ರೆ

ಇಂಥ ದಿನಕ್ಕೆ ದುಡಿಮೆ ಮುಗಿಯಿತು ಎಂದು ಮೊದಲೇ ಗೊತ್ತುಮಾಡಿಡುವ ಪದ್ಧತಿ ಕರಾವಳಿಯ ಬೇಸಾಯಗಾರನಿಗಾಗಲಿ ಮೀನುಗಾರನಿಗಾಗಲಿ ಇರಲಿಲ್ಲ. ಕೈಕಾಲು ನಡೆಯುವ ತನಕ ಕೆಲಸ, ಆಮೇಲೆ ಮನೆಯ ಜಗಲಿ ಎಂಬುದೇ ಅಲ್ಲಿನ ರೂಢಿಯಾಗಿತ್ತು. ಹುಟ್ಟಿದ ತಾರೀಖನ್ನು ನೋಡಿ ಮನುಷ್ಯನನ್ನು ಮನೆಗೆ ಕಳುಹಿಸುವ ಕ್ರಮ ಕನ್ನಡಿಗರ ಬದುಕಿಗೆ ಬಂದದ್ದು ಸರಕಾರಿ ಕಚೇರಿ, ರೈಲ್ವೆ ಮತ್ತು ಬ್ಯಾಂಕುಗಳ ಮೂಲಕ. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದ್ರಾಸಿನಿಂದ ಬೇರ್ಪಟ್ಟು ಮುಂಬಯಿ ಪ್ರಾಂತಕ್ಕೆ ಸೇರಿತು. ಧಾರವಾಡ, ಬೆಳಗಾವಿ, ವಿಜಾಪುರಗಳೂ ಅದೇ ಪ್ರಾಂತದಲ್ಲಿದ್ದುದರಿಂದ ಅಲ್ಲಿನ ಓದಿದ ಹುಡುಗರಿಗೆ ಮುಂಬಯಿ ಪರರಾಜ್ಯವಲ್ಲ, ತಮ್ಮದೇ ರಾಜಧಾನಿಯಾಗಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಬದಲಾದಾಗಲೂ ನೌಕರಿ ಬಿಡದೆ ಅಲ್ಲೇ ಉಳಿದವರು ಹಲವರು.

ಹೀಗೆ ಉಳಿದವರ ಹಾಗೂ ಅವರ ಬೆನ್ನಿಗೆ ಬಂದ ದಕ್ಷಿಣ ಕನ್ನಡದವರ ನಿವೃತ್ತಿಯನ್ನು ಅರಿಯಬೇಕಾದರೆ ರೈಲುಹಳಿಯನ್ನೇ ಹಿಡಿದು ಹೋಗಬೇಕು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಹೊರಟ ಮೊದಲ ಗಾಡಿ ಕ್ರಮಿಸಿದ್ದು ಸುಮಾರು 34 ಕಿಲೋಮೀಟರ್. ಮರುವರ್ಷ ಅದೇ ಹಳಿ ಕಲ್ಯಾಣ ತಲುಪಿತು. ನಗರದ ಒಳಗೆ ಬಾಡಿಗೆ ನಿಯಂತ್ರಣದ ಕಾನೂನು ಹಳೆಯ ಬಾಡಿಗೆದಾರರನ್ನು ಕಾಪಾಡಿತಾದರೂ ಹೊಸಬರಿಗೆ ಪಗಡಿ, ಅಂದರೆ ಬಾಡಿಗೆಯ ಹಕ್ಕಿಗಾಗಿ ಮುಂಗಡವಾಗಿ ಕೊಡುವ ದೊಡ್ಡ ಮೊತ್ತ, ಕೈಗೆಟುಕದಾದಾಗ ಗುಮಾಸ್ತರ ಕುಟುಂಬಗಳು ಠಾಣೆ, ಡೊಂಬಿವಲಿ, ಕಲ್ಯಾಣಗಳ ಸಹಕಾರಿ ವಸತಿ ಸಂಘಗಳತ್ತ ಸರಿದವು. 1970ರಲ್ಲಿ ಸ್ಥಾಪನೆಯಾದ ಸಿಡ್ಕೊ ಸಂಸ್ಥೆ ಖಾರಿಯ ಆಚೆ ನವಿ ಮುಂಬಯಿಯನ್ನು ಕಟ್ಟತೊಡಗಿತು. 1992ರಲ್ಲಿ ಮಾನ್ಖುರ್ದ್‌ನಿಂದ ವಾಶಿಗೆ ಲೋಕಲ್ ಗಾಡಿ ಬಂದ ಮೇಲೆ ವಾಶಿ, ನೆರೂಲ್‌ಗಳೂ ಈ ಸಾಲಿಗೆ ಸೇರಿದವು.

ಅಗ್ಗದ ಮನೆಗೆ ತೆತ್ತ ಬೆಲೆ ಹೊತ್ತಿನ ರೂಪದಲ್ಲಿತ್ತು. ಬೆಳಗಿನ ಗಾಡಿ ಹಿಡಿದು ಫೋರ್ಟಿನ ಕಚೇರಿಗೆ ಹೋಗಿ ಕತ್ತಲಾದ ಮೇಲೆ ಮರಳುವ ಡೊಂಬಿವಲಿಯ ನೌಕರನಿಗೆ ತನ್ನ ಊರಿನ ಹಗಲು ಕಾಣಸಿಗುತ್ತಿದ್ದುದು ಭಾನುವಾರ ಮಾತ್ರ. ಅವನ ನಿಜವಾದ ನೆರೆಹೊರೆ ಇದ್ದದ್ದು ಗಾಡಿಯ ಡಬ್ಬಿಯಲ್ಲಿ: ದಿನವೂ ಒಂದೇ ಡಬ್ಬಿಯ ಒಂದೇ ಬಾಗಿಲಲ್ಲಿ ಹತ್ತುವ ಗ್ರೂಪು, ಮೂವರ ಸೀಟಿನ ಅಂಚಿಗೆ ಒರಗುವ ನಾಲ್ಕನೆಯವನು, ಮಡಿಲ ಮೇಲಿನ ಇಸ್ಪೀಟು, ತಾಳ ಹಿಡಿದು ಹಾಡುವ ಭಜನಾ ಮಂಡಳಿ, ದಸರೆಯಲ್ಲಿ ಡಬ್ಬಿಗೇ ತೋರಣ ಕಟ್ಟಿ ಮಾಡುವ ಪೂಜೆ. ಕಚೇರಿಯಲ್ಲಿ ಶಾಲು ಹೊದಿಸಿ ಕಳುಹಿಸಿದವನಿಗೆ ಅದೇ ಸಂಜೆ ಗಾಡಿಯ ಗೆಳೆಯರು ಪೇಡೆ ಹಂಚಿ ಇನ್ನೊಂದು ಬೀಳ್ಕೊಡುಗೆ ಮಾಡುವ ವಾಡಿಕೆ ಬೆಳೆದದ್ದು ಇದರಿಂದಲೇ. ನಿವೃತ್ತಿಯ ಬಗ್ಗೆ ಬರೆಯುವವರು ಸಂಬಳ ನಿಂತದ್ದನ್ನು ಎತ್ತಿ ಆಡುತ್ತಾರೆ. ಸೀಸನ್ ಪಾಸು ಮುಗಿದದ್ದು ಅದಕ್ಕಿಂತ ಸಣ್ಣ ನಷ್ಟವೇನೂ ಆಗಿರಲಿಲ್ಲ.

ಮೊದಲ ತಲೆಮಾರಿನವರ ಲೆಕ್ಕಾಚಾರದಲ್ಲಿ ಈ ನಷ್ಟಕ್ಕೆ ಎಡೆಯೇ ಇರಲಿಲ್ಲ, ಏಕೆಂದರೆ ನಿವೃತ್ತಿಯೆಂದರೆ ಊರಿಗೆ ಮರಳುವುದು ಎಂಬುದು ಅವರಿಗೆ ಸಿದ್ಧವಾಗಿದ್ದ ಅರ್ಥ. ಈ ಅರ್ಥವನ್ನು ಕದಲಿಸಿದ ಸಂಗತಿಗಳಲ್ಲಿ ಕರ್ನಾಟಕದ ಭೂಸುಧಾರಣೆಯನ್ನು ಮರೆಯುವಂತಿಲ್ಲ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯು ಗೇಣಿ ಜಮೀನನ್ನು ಸರಕಾರಕ್ಕೆ ಒಳಪಡಿಸಿ ಉಳುವವರಿಗೆ ಹಕ್ಕು ಕೊಟ್ಟಾಗ, ಮುಂಬಯಿಯಲ್ಲಿ ಕೂತು ಚಾಲಗೇಣಿಯ, ಅಂದರೆ ಒಡೆಯನು ಬದಲಾಯಿಸಬಹುದಾದ ಗೇಣಿಯ, ಅಕ್ಕಿ ಮುಡಿಗಳನ್ನು ಎಣಿಸುತ್ತಿದ್ದ ಮನೆತನಗಳಿಗೆ ಮರಳಲು ಆಧಾರವೇ ಕಡಿಮೆಯಾಯಿತು. ಅದೇ ಕಾನೂನಿನಿಂದ ಗೇಣಿದಾರರ ಮಕ್ಕಳಿಗೆ ಊರಲ್ಲಿ ಮೊದಲ ಬಾರಿಗೆ ಸ್ವಂತ ನೆಲ ಸಿಕ್ಕಿತೆಂಬುದನ್ನೂ ಜೊತೆಗೇ ಹೇಳಬೇಕು. ಮುಂಬಯಿಯ ಕನ್ನಡಿಗರೆಲ್ಲ ಒಡೆಯರ ಮನೆಯವರೇ ಆಗಿರಲಿಲ್ಲ. ಇತ್ತ ಮಕ್ಕಳ ಓದು, ಮರಾಠಿಯಲ್ಲೇ ಆಡಿ ಬೆಳೆದ ಮೊಮ್ಮಕ್ಕಳು, ಭವಿಷ್ಯನಿಧಿಯಿಂದ ಮುಂಗಡ ಪಡೆದು ಕೊಂಡ ಫ್ಲ್ಯಾಟು ಎಲ್ಲವೂ ಕಾಲಿಗೆ ತೊಡರಿದವು. 1998ರಲ್ಲಿ ಕೊಂಕಣ ರೈಲ್ವೆ ಪೂರ್ಣಗೊಂಡು ಮತ್ಸ್ಯಗಂಧ ಎಕ್ಸ್‌ಪ್ರೆಸ್ ಠಾಣೆ, ಪನವೇಲ್‌ಗಳಲ್ಲಿ ನಿಲ್ಲತೊಡಗಿದ ಮೇಲೆ ಹೋಗಿಬಿಡುವ ಬದಲು ಹೋಗಿಬರುವ ಮೂರನೆಯ ದಾರಿ ತೆರೆಯಿತು: ಮಳೆಗಾಲ ಮುಂಬಯಿಯಲ್ಲಿ, ನೇಮ ಕೋಲಗಳ ತಿಂಗಳು ಊರಲ್ಲಿ.

ಉಳಿದವರನ್ನು ಹಿಡಿದು ನಿಲ್ಲಿಸಿದ್ದು ಸಂಘ. ಮುಂಬಯಿ ನಗರದೊಳಗೆ ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘಗಳಂಥ ಸಂಸ್ಥೆಗಳು ಸ್ವಾತಂತ್ರ್ಯಕ್ಕೆ ಮೊದಲೇ ಹುಟ್ಟಿದ್ದವು. ಹೊರವಲಯದಲ್ಲಿ ಅವುಗಳ ಮಾದರಿಯ ಸಂಘಗಳು ಜನವಸತಿಯ ಬೆನ್ನಿಗೇ ಬೆಳೆದವು. ಡೊಂಬಿವಲಿ ಕರ್ನಾಟಕ ಸಂಘವು ಮಂಜುನಾಥ ವಿದ್ಯಾಲಯವನ್ನು ನಡೆಸುತ್ತ ಬಂದಿದೆ. ದುಡಿಯುವ ವಯಸ್ಸಿನಲ್ಲಿ ಇಂಥ ಸಂಘದ ಕೆಲಸವೆಂದರೆ ಭಾನುವಾರದ ಸಭೆ, ವರ್ಷಕ್ಕೊಂದು ನಾಟಕ. ನಿವೃತ್ತರು ಬಂದ ಮೇಲೆ ಸಂಘಕ್ಕೆ ವಾರದ ಹಗಲು ಒದಗಿತು: ಶಾಲೆಯ ಅನುದಾನದ ಕಡತ ಹಿಡಿದು ಸರಕಾರಿ ಕಚೇರಿಗೆ ಅಲೆಯಲು, ಲೆಕ್ಕಪತ್ರ ಬರೆಯಲು, ಗ್ರಂಥಾಲಯದ ಬಾಗಿಲು ತೆರೆಯಲು ಆಳು ಸಿಕ್ಕಿತು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಜರ್ ತಾಳೆ ನೋಡಿದವನು ಸಂಘದ ಖಜಾಂಚಿಯಾದಾಗ ಅವನಿಗೆ ಕೆಲಸ ಸಿಕ್ಕಿತು, ಸಂಘಕ್ಕೆ ಶಿಸ್ತು ಸಿಕ್ಕಿತು. ಇದಕ್ಕೊಂದು ಮರುಮುಖವೂ ಇದೆ. ಕಚೇರಿಯ ಮೇಲ್ಗದ್ದುಗೆಯ ಅಭ್ಯಾಸವನ್ನು ಸಂಘದ ಕುರ್ಚಿಗೂ ತಂದವರು ಆ ಕುರ್ಚಿಯಿಂದ ಮಾತ್ರ ನಿವೃತ್ತರಾಗಲು ಒಪ್ಪಲಿಲ್ಲ. ಕಿರಿಯರು ಸಂಘಗಳಿಂದ ದೂರವಾದುದಕ್ಕೆ ಭಾಷೆಯೊಂದನ್ನೇ ಕಾರಣವೆಂದು ದೂರುವುದು ಪೂರ್ಣ ನ್ಯಾಯವಲ್ಲ.

ಮರಾಠಿ ನೆರೆಯವರ ವ್ಯವಸ್ಥೆಯೂ ಇವರಿಗೆ ಒದಗಿತು. ಜ್ಯೇಷ್ಠ ನಾಗರಿಕ ಸಂಘಗಳ ಹರಟೆಯ ಕಟ್ಟೆ, ಮಹಾನಗರಪಾಲಿಕೆಗಳು ಹಿರಿಯರ ಬಿಡುವಿಗಾಗಿ ಕಟ್ಟಿದ ವಿರಂಗುಳಾ ಕೇಂದ್ರ, ಠಾಣೆಯ ಮಾಸುಂದಾ ಕೆರೆಯ ದಂಡೆ ಇವು ಕನ್ನಡಿಗ ನಿವೃತ್ತನಿಗೆ ತಾನು ಬದುಕಿದ ಊರಿನ ಪರಿಚಯವನ್ನು ತಡವಾಗಿಯಾದರೂ ಮಾಡಿಸಿದವು. ಮಕ್ಕಳು ದೂರವಿದ್ದವರಿಗಾಗಿ ದಕ್ಷಿಣ ಕನ್ನಡ ಮೂಲದ ಬ್ರಾಹ್ಮಣರ ಬಿ.ಎಸ್.ಕೆ.ಬಿ. ಅಸೋಸಿಯೇಷನ್ ನೆರೂಲ್‌ನಲ್ಲಿ 'ಆಶ್ರಯ' ಎಂಬ ಹಿರಿಯರ ನಿವಾಸವನ್ನು ತೆರೆಯಿತು.

ತಾರೀಖಿಗೆ ಸರಿಯಾಗಿ ನಿವೃತ್ತರಾಗುವ ಭಾಗ್ಯವೂ ಎಲ್ಲರದಲ್ಲ. ಕೇಂದ್ರ ಸರಕಾರಿ ನೌಕರರ ವಯೋಮಿತಿ 1962ರಲ್ಲಿ 55ರಿಂದ 58ಕ್ಕೆ, 1998ರಲ್ಲಿ 60ಕ್ಕೆ ಏರಿತು. ಅದೇ ಅವಧಿಯಲ್ಲಿ ಖಾಸಗಿ ದುಡಿಮೆಯ ಆಯುಸ್ಸು ಕುಗ್ಗುತ್ತಿತ್ತು. 1982ರ ಜನವರಿಯಲ್ಲಿ ತೊಡಗಿದ ಬಟ್ಟೆ ಗಿರಣಿಗಳ ಮುಷ್ಕರವು ಸಾವಿರಾರು ಜನರನ್ನು ಯಾವ ಸನ್ಮಾನವೂ ಇಲ್ಲದೆ ಮನೆಗೆ ಕಳುಹಿಸಿತು. ಕಲ್ಯಾಣದ ಬಳಿ ಮೋಹನೆಯ ಎನ್‌ಆರ್‌ಸಿ ಕಾರ್ಖಾನೆ 2009ರಲ್ಲಿ ಬಾಗಿಲು ಮುಚ್ಚಿತು. ವಿಆರ್‌ಎಸ್, ಅಂದರೆ ಇಡಿಗಂಟು ಕೊಟ್ಟು ಅವಧಿಗೆ ಮೊದಲೇ ಬಿಡುಗಡೆ ಮಾಡುವ ಸ್ವಯಂನಿವೃತ್ತಿ ಯೋಜನೆ, 2000ದ ಸುಮಾರಿಗೆ ಬ್ಯಾಂಕುಗಳಲ್ಲೂ 2020ರ ಜನವರಿಯ ಕೊನೆಗೆ ದೂರವಾಣಿ ಸಂಸ್ಥೆ ಎಂಟಿಎನ್‌ಎಲ್‌ನಲ್ಲೂ ಜಾರಿಗೆ ಬಂದಾಗ ಐವತ್ತರ ಆಸುಪಾಸಿನವರೂ ನಿವೃತ್ತರ ಸಾಲಿಗೆ ಬಂದರು. ಹೆಸರಿನಲ್ಲಿ ಸ್ವಯಂ ಎಂದಿದ್ದರೂ ಇಷ್ಟಪಟ್ಟು ಹೊರಟವರೆಷ್ಟು ಎಂಬುದು ಬೇರೆ ಮಾತು.

ಹೋಟೆಲಿನವರದು ಇನ್ನೊಂದು ಕತೆ. ಗಲ್ಲಾಪೆಟ್ಟಿಗೆಯ ಹಿಂದಿನ ಧಣಿಗೆ ಐವತ್ತೆಂಟು ಎಂಬುದಿಲ್ಲ. ಮಗ ಬಂದು ಕೂರುವ ತನಕ, ಕೂತ ಮೇಲೂ, ಬೆಳಗಿನ ಹಾಲು ಲೆಕ್ಕ ಹಾಕಲು ಅವನು ಇಳಿದು ಬರುತ್ತಾನೆ. ಅವನ ಮಾಣಿ, ಭಟ್ಟರಿಗಾದರೋ ಭವಿಷ್ಯನಿಧಿಯ ಖಾತೆ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ನೌಕರಿಗೆ ಹೋಗದ ಹೆಂಗಸರಿಗೆ ಗಂಡನ ನಿವೃತ್ತಿಯೆಂದರೆ ಮಧ್ಯಾಹ್ನಕ್ಕೂ ಒಂದು ಬಿಸಿ ಅಡುಗೆ ಕೂಡಿಕೊಂಡದ್ದು, ಅಷ್ಟುಕಾಲ ತಮ್ಮದೇ ಆಗಿದ್ದ ಹಗಲಿನಲ್ಲಿ ಇನ್ನೊಬ್ಬರಿಗೆ ಜಾಗ ಮಾಡಿಕೊಟ್ಟದ್ದು.

ಕೈಗೆ ಬರುವ ಹಣದ ವ್ಯತ್ಯಾಸ ಇವೆಲ್ಲಕ್ಕಿಂತ ಮಿಗಿಲು. ಪಿಂಚಣಿಯು ಧಣಿಯ ಕೃಪೆಯಲ್ಲ, ಸೇವೆಯಿಂದ ಗಳಿಸಿದ ಹಕ್ಕು ಎಂದು ಸುಪ್ರೀಂ ಕೋರ್ಟು 1982ರ ಡಿಸೆಂಬರ್ 17ರಂದು ನಕಾರಾ ಪ್ರಕರಣದಲ್ಲಿ ಎತ್ತಿಹಿಡಿದದ್ದು ಸರಕಾರಿ ನಿವೃತ್ತರ ವಿಷಯದಲ್ಲಿ. ಸರಕಾರಿ ಬ್ಯಾಂಕಿನವರಿಗೆ 1995ರಲ್ಲಿ ಪಿಂಚಣಿ ನಿಯಮಾವಳಿ ಬಂತು. ಅದೇ ವರ್ಷ ಖಾಸಗಿ ನೌಕರರಿಗಾಗಿ ಬಂದ ಯೋಜನೆಯಲ್ಲಿ ಪಿಂಚಣಿಯ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. 2014ರಿಂದ ಸಂಬಳದ ಸಾಮಾನ್ಯ ಮಿತಿ 15,000 ರೂಪಾಯಿ ಆದ್ದರಿಂದ 35 ವರ್ಷಗಳ ಲೆಕ್ಕ ಹಿಡಿದರೂ ತಿಂಗಳಿಗೆ 7,500 ರೂಪಾಯಿ, ಕನಿಷ್ಠ ಪಿಂಚಣಿ 1,000. ಒಂದೇ ಗಾಡಿಯ ಒಂದೇ ಸೀಟಿನಲ್ಲಿ ಕೂತು ದುಡಿಯಲು ಹೋದ ಬ್ಯಾಂಕಿನವನೂ ಠಾಣೆ-ಬೇಲಾಪುರ ರಸ್ತೆಯ ಕಾರ್ಖಾನೆಯವನೂ ವರ್ಷಕ್ಕೊಮ್ಮೆ ಬದುಕಿದ್ದೇವೆಂಬ ಪ್ರಮಾಣಪತ್ರಕ್ಕಾಗಿ ಸವೆದ ಬೆರಳನ್ನು ಯಂತ್ರಕ್ಕೆ ಒತ್ತುವುದು ಒಂದೇ ರೀತಿ. ಆ ಬೆರಳಚ್ಚು ಒಬ್ಬನಿಗೆ ತಿಂಗಳ ಇಡೀ ಸಂಸಾರವನ್ನು ಉಳಿಸಿಕೊಡುತ್ತದೆ, ಇನ್ನೊಬ್ಬನಿಗೆ ಔಷಧಿಯ ಖರ್ಚನ್ನೂ ಪೂರಾ ತುಂಬಿಕೊಡುವುದಿಲ್ಲ.